ಬಿಚ್ಚಿ ನೋಡದ ಪ್ಲಗ್

ಜಿತೇಶನಿಗೆ ಸಿಟ್ಟು ಮೊದಲು ಕೈಗೆ ಬರುತ್ತಿತ್ತು, ಆಮೇಲೆ ಬಾಯಿಗೆ. ತಲೆಗೆ ಬರುವಷ್ಟರಲ್ಲಿ ಏನಾದರೊಂದು ಒಡೆದುಹೋಗಿರುತ್ತಿತ್ತು. ಕಲ್ಲಡ್ಕದಲ್ಲಿ ಹೆದ್ದಾರಿ ಬದಿಗೆ ಅವನದೊಂದು ಗ್ಯಾರೇಜು. ಗಿರಾಕಿಗಳು ಬಾಗಿಲಲ್ಲಿ ನಿಂತು ಅವನ ಮುಖ ನೋಡಿ, ಇವತ್ತಿನ ಹವಾಮಾನ ಹೇಗುಂಟು ಎಂದು ಅಂದಾಜು ಮಾಡಿಯೇ ಗಾಡಿ ಒಳಗೆ ತರುತ್ತಿದ್ದರು. ಕೆಲಸ ಮಾತ್ರ ಚೊಕ್ಕ. ಇಲ್ಲದಿದ್ದರೆ ಆ ಮುಖ ನೋಡಿಕೊಂಡು ಯಾರು ಬರುತ್ತಿದ್ದರು?

ಹೋದ ವರ್ಷ ಬೆಳ್ತಂಗಡಿಯಲ್ಲಿ ನಡೆದ ಮಣ್ಣಿನ ರೇಸಿನಲ್ಲಿ ಅವನ ಹಳೆ ಎಸ್ಟೀಮ್ ಕಾರು ಅರ್ಧ ದಾರಿಯಲ್ಲಿ ಹೊಗೆ ಕಾರಿ ನಿಂತುಬಿಟ್ಟಿತು. ಎಂಜಿನ್ ಕಟ್ಟಿದವನು ಜಿತೇಶ, ಓಡಿಸುತ್ತಿದ್ದವನು ಅವನ ತಮ್ಮ ಲತೇಶ. ಜಿತೇಶ ಓಡಿಹೋದವನೇ, ತಮ್ಮ ಕೆಳಗಿಳಿದದ್ದನ್ನೂ ಸರಿಯಾಗಿ ನೋಡದೆ ಸುತ್ತಿಗೆ ತೆಗೆದು ಮುಂದಿನ ಗಾಜಿಗೆ ಬೀಸಿದ. ಆಮೇಲೆ ಎರಡೂ ದೀಪಗಳಿಗೆ. ಜನ ರೇಸಿಗಿಂತ ಇದನ್ನೇ ಹೆಚ್ಚು ಮನಸ್ಸಿಟ್ಟು ನೋಡಿದರು. ಅವನ ಶಾಲೆಯ ಕಾಲದ ಗೆಳೆಯ ನಿಝಾರ್ ಮಾತ್ರ ಕೈಕಟ್ಟಿಕೊಂಡು ಕಾದ.

"ಮುಗೀತಾ?" ಎಂದ ನಿಝಾರ್. "ಇನ್ನು ಪ್ಲಗ್ ಬಿಚ್ಚುವ. ಎಷ್ಟು ಸಲ ಹೇಳುದು ನಿಂಗೆ? ಮೊದಲು ಪ್ಲಗ್ ಬಿಚ್ಚಿ ನೋಡು, ಹೊಡೆಯುದು ಆಮೇಲೆ."

ಬಿಚ್ಚಿದರು. ಎಂಜಿನ್ನಿನೊಳಗೆ ಕಿಡಿ ಹಾರಿಸುವ ಪ್ಲಗ್ಗಿನ ಮೂತಿ ಸುಣ್ಣದಂತೆ ಬೆಳ್ಳಗಾಗಿತ್ತು, ಅದರ ಮೇಲೆ ಕರಗಿದ ಅಲ್ಯುಮಿನಿಯಮ್ಮಿನ ಸಣ್ಣ ಸಣ್ಣ ಹನಿಗಳು ಅಂಟಿಕೊಂಡಿದ್ದವು. ಎಂಜಿನ್ನಿನ ತಲೆ, ಅಂದರೆ ಹೆಡ್, ಎತ್ತಿದಾಗ ಒಂದು ಪಿಸ್ಟನ್ನಿನ ನಡುವೆ ತೂತು ಬಿದ್ದದ್ದು ಕಂಡಿತು. ನಿಝಾರ್ ಆ ಪಿಸ್ಟನ್ನನ್ನು ಹೊರಗೆ ತೆಗೆದು, ತೂತಿನಲ್ಲಿ ಹೆಬ್ಬೆರಳು ತೂರಿಸಿ ಗೆಳೆಯನ ಮುಖದ ಮುಂದೆ ಆಡಿಸಿದ. ಜಿತೇಶ ಅವನಿಗೂ ಒಂದು ಬಿಗಿಯಬೇಕೆಂದಿದ್ದ, ಲತೇಶ ನಡುವೆ ಬಂದ.

ಈ ವರ್ಷ ದಸರಾ ಕಳೆದ ಮೇಲೆ ಮೂಡುಬಿದಿರೆಯಲ್ಲಿ ರೇಸ್. ಜಿತೇಶ ಹೊಸ ಎಂಜಿನ್ ಕಟ್ಟಿದ. ಅದು ಟರ್ಬೊ ಗಿರ್ಬೊ ಇಲ್ಲದೆ, ತನಗೆ ಬೇಕಾದ ಗಾಳಿಯನ್ನು ತಾನೇ ಎಳೆದುಕೊಳ್ಳುವ ಜಾತಿಯ ಎಂಜಿನ್. ಅದಕ್ಕೆ ಹೆಚ್ಚು ಬಲ ಬರಬೇಕಾದರೆ ಎಳೆದ ಗಾಳಿಯನ್ನು ಇನ್ನಷ್ಟು ಬಿಗಿಯಾಗಿ ಒತ್ತಬೇಕು. ಹೆಡ್ ಅರೆಸಿ ತೆಳು ಮಾಡಿದ, ಉಬ್ಬು ತಲೆಯ ಪಿಸ್ಟನ್ ತರಿಸಿದ, ಆ ಒತ್ತುವ ಬಿಗಿಯನ್ನು, ಅಂದರೆ ಕಂಪ್ರೆಶನ್ನನ್ನು, ಹೋದ ವರ್ಷಕ್ಕಿಂತಲೂ ಮೇಲಕ್ಕೇರಿಸಿದ. ಉಳಿದದ್ದು ಪ್ಲಗ್ ಒಂದೇ. ಅದಕ್ಕಾಗಿ ಬಂಟ್ವಾಳದ ಬಿ.ಸಿ. ರೋಡಿನಲ್ಲಿದ್ದ ನಿಝಾರನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದ.

ನಿಝಾರ್ ಒಂದು ಪೆಟ್ಟಿಗೆ ತೆಗೆದು ಮುಂದಿಟ್ಟ. "ಇದು ಕಂಪನಿ ಪ್ಲಗ್ಗಿಗಿಂತ ಎರಡು ಮೆಟ್ಟಿಲು ತಣ್ಣಗಿನದ್ದು."

"ಎರಡು ಬೇಡ. ಒಂದು ಸಾಕು," ಎಂದ ಜಿತೇಶ. "ಅಷ್ಟು ತಣ್ಣಗಿನದ್ದು ಹಾಕಿದ್ರೆ ಸ್ಟಾರ್ಟಿಂಗ್ ಲೈನಿನಲ್ಲಿ ನಿಂತಲ್ಲೇ ಮಸಿ ಹಿಡಿತದೆ. ಮಸಿ ಹಿಡಿದ ಪ್ಲಗ್ಗಿನಲ್ಲಿ ಕಿಡಿ ಎಲ್ಲಿಂದ ಬರ್ಬೇಕು?"

"ಹೋದ ವರ್ಷದ ತೂತು ಮರ್ತು ಹೋಯ್ತಾ? ಈಗ ಒಳಗೆ ಅದಕ್ಕಿಂತ ಜಾಸ್ತಿ ಬೆಂಕಿ ಉಂಟು. ಪ್ಲಗ್ ತನ್ನ ಬಿಸಿಯನ್ನು ಬೇಗ ಹೆಡ್ಡಿಗೆ ದಾಟಿಸ್ಬೇಕು. ಇಲ್ಲದಿದ್ರೆ ಮೂತಿ ಕೆಂಪಗೆ ಕಾದು, ಕಿಡಿ ಬೀಳುವ ಮೊದಲೇ ಪೆಟ್ರೋಲಿಗೆ ಬೆಂಕಿ ಕೊಡ್ತದೆ. ಮತ್ತೆ ಪಿಸ್ಟನ್ ಹೋಗ್ತದೆ."

"ನಿನ್ನ ಬಾವನಿಗೂ ಇದನ್ನೇ ಕೊಟ್ಟಿದ್ದೀಯಾ?"

ಬಾವನೆಂದರೆ ನಿಝಾರನ ಹೆಂಡತಿ ಸೌದಾಳ ಅಣ್ಣ ಅಶ್ರಫ್. ಕನ್ಯಾನದವನು, ಅವನೂ ಅದೇ ರೇಸಿಗೆ ಕಾರು ತಯಾರು ಮಾಡುತ್ತಿದ್ದ.

"ಅವನ ಎಂಜಿನ್ ಬೇರೆ, ಪ್ಲಗ್ಗೂ ಬೇರೆ," ಎಂದ ನಿಝಾರ್. "ನೀನು ಹೋಗಿ ಅವನ ಹತ್ರ ಬೇಕಾದ್ರೆ ಕೇಳು."

ಜಿತೇಶ ಪೆಟ್ಟಿಗೆಯನ್ನು ಎತ್ತಿ ಗೋಡೆಗೆ ಎಸೆದ. ನಿಝಾರ್ ಕೌಂಟರ್ ಹಾರಿ ಬಂದು ಅವನ ಕಾಲರ್ ಹಿಡಿದು ಷಟರಿನ ಚೌಕಟ್ಟಿಗೆ ಒತ್ತಿದ. ಜಿತೇಶ ಅವನ ಹೊಟ್ಟೆಗೆ ಮೊಣಕೈಯಿಂದ ತಿವಿದ. ಇಬ್ಬರೂ ಟೈರುಗಳ ರಾಶಿಯ ಮೇಲೆ ಬಿದ್ದರು. ಒಳಗಿನಿಂದ ಸೌದಾ ಷಟರ್ ಎಳೆಯುವ ಕೊಕ್ಕೆಯ ಕಬ್ಬಿಣದ ಕೋಲನ್ನು ನೆಲಕ್ಕೆ ಕುಟ್ಟುತ್ತಾ ಬಂದಳು.

"ಹೊಡೆದಾಡುದಾದ್ರೆ ರಸ್ತೆಗೆ ಹೋಗಿ! ಹೋದ ಸಲ ನೀವು ಇಲ್ಲಿ ಒಡೆದ ಗಾಜಿನ ಬದ್ಲಿಗೆ ಇನ್ನೂ ಹೊಸತು ಬರ್ಲಿಲ್ಲ."

ಆಮೇಲೆ ಚಹಾ ಬಂತು. ಇಬ್ಬರೂ ಏದುಸಿರು ಬಿಡುತ್ತಲೇ ಕುಡಿದರು. ಮೂರನೇ ತರಗತಿಯಿಂದ ಹೀಗೆಯೇ. ಅವರಿಬ್ಬರ ಸ್ನೇಹವನ್ನು ಅಳೆಯಬೇಕಾದರೆ ಗಾಯದ ಕಲೆಗಳನ್ನೇ ನೋಡಬೇಕಿತ್ತು.

ನಿಝಾರ್ ಬಿದ್ದಿದ್ದ ಪ್ಲಗ್ಗುಗಳನ್ನು ಪೇಪರಿನ ಮೇಲಿಟ್ಟು ನೋಡಿದ. ಪಿಂಗಾಣಿ ಬಿರುಕು ಬಿಟ್ಟದ್ದನ್ನು ಬದಿಗಿಟ್ಟು ಬೇರೆ ಪೆಟ್ಟಿಗೆ ಒಡೆದ. ತೆಳು ತಗಡಿನ ಗೇಜ್ ತೂರಿಸಿ ಒಂದೊಂದರ ಮೂತಿಯಲ್ಲಿ ಕಿಡಿ ಹಾರುವ ಗ್ಯಾಪನ್ನೂ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಮಾಡಿದ. ಆ ಬಲಗೈಯ ಬೆರಳುಗಳು ಕೆಲಸ ಮಾಡುವುದನ್ನು ನೋಡಿದರೆ ಜಿತೇಶನಿಗೂ ಬಾಯಿ ಕಟ್ಟುತ್ತಿತ್ತು.

"ಒಳಗೆ ಒತ್ತಡ ಜಾಸ್ತಿ ಆದಷ್ಟೂ ಕಿಡಿಗೆ ಹಾರ್ಲಿಕ್ಕೆ ಕಷ್ಟ," ಎಂದ ನಿಝಾರ್. "ಒಳಗೆ ಕಷ್ಟ ಆದ್ರೆ ಅದು ಹೊರಗೆ ಸುಲಭದ ದಾರಿ ಹುಡುಕ್ತದೆ. ಈ ಬಿಳಿ ಪಿಂಗಾಣಿ ಉಂಟಲ್ಲ, ಇದಕ್ಕೆ ಕೈಯ ಎಣ್ಣೆ ಕೂಡ ತಾಗ್ಬಾರ್ದು. ಒಣ ಬಟ್ಟೆಯಲ್ಲಿ ಒರೆಸಿ ಹಾಕು. ಕೇಳ್ತಾ ಉಂಟಾ?"

"ಕೇಳ್ತಾ ಉಂಟು ಮಾರಾಯ," ಎಂದ ಜಿತೇಶ. ನಿಜಕ್ಕೂ ಕೇಳಿಸಿಕೊಂಡಿದ್ದ.

ಆಯುಧ ಪೂಜೆಯ ದಿನ ಬೆಳಿಗ್ಗೆ ಗ್ಯಾರೇಜು ತೊಳೆದು, ಸ್ಪಾನರುಗಳನ್ನೆಲ್ಲ ಸಾಲಾಗಿ ಜೋಡಿಸಿದರು. ಅಮ್ಮ ನೀಲಾವತಿ ತೇಯ್ದ ಗಂಧ, ಕುಂಕುಮ ತಂದುಕೊಟ್ಟರು. ಜಿತೇಶ ಜಾಕಿಗೆ, ವೈಸಿಗೆ, ಕಾರಿನ ಬಾನೆಟ್ಟಿಗೆ ಎಲ್ಲದಕ್ಕೂ ಹಚ್ಚಿದ. ಕೊನೆಗೆ ನಾಲ್ಕು ಪ್ಲಗ್ಗುಗಳು ಉಳಿದವು. ರೇಸಿನ ನಿಜವಾದ ಆಯುಧ ಇವೇ ಅಲ್ಲವೇ ಎಂದು ಅವನಿಗೆ ಭಕ್ತಿ ಉಕ್ಕಿ ಬಂತು. ನಿಝಾರನ ಮಾತು ನೆನಪಾಗದೆ ಇರಲಿಲ್ಲ. ಅವನು ಹೇಳಿದ್ದು ಕೈಯ ಎಣ್ಣೆಯ ಸಂಗತಿ, ಇದು ದೇವರ ಗಂಧ ಎಂದುಕೊಂಡ. ಬಿಳಿ ಪಿಂಗಾಣಿಯ ಮೇಲೆ ತುದಿಯಿಂದ ಬುಡದ ಕಬ್ಬಿಣದವರೆಗೆ ಉದ್ದಕ್ಕೆ ಗಂಧದ ನಾಮ ಎಳೆದು, ನಡುವೆ ಕುಂಕುಮ ಒತ್ತಿದ. ಹಚ್ಚಿದ ಪ್ರಸಾದವನ್ನು ಒರೆಸುವುದುಂಟೇ? ಹಸಿ ಇರುವಾಗಲೇ ಎಂಜಿನ್ನಿಗೆ ಕೂರಿಸಿ, ಮೇಲಿಂದ ಕರೆಂಟಿನ ವೈರಿನ ರಬ್ಬರ್ ಟೊಪ್ಪಿ ಒತ್ತಿದ. ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ನೀಲಾವತಿ ಬಾನೆಟ್ಟು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಮೂಡುಬಿದಿರೆಯ ಹೊರಗೆ ಕೆಂಪುಕಲ್ಲು ಕಡಿದು ಬಿಟ್ಟ ಕೋರೆಯೊಂದನ್ನು ಸಮತಟ್ಟು ಮಾಡಿ ಟ್ರ್ಯಾಕ್ ಮಾಡಿದ್ದರು. ಎರಡೆರಡು ಕಾರು ಜೊತೆಗೆ ಬಿಡುವುದು. ನಡುವೆ ಮಣ್ಣಿನ ದೊಡ್ಡ ದಿಬ್ಬ, ಅದನ್ನು ಪೂರ್ತಿ ವೇಗದಲ್ಲಿ ಹಾರಿ ದಾಟಬೇಕು. ಲತೇಶನಿಗೆ ಎದುರಾಳಿಯಾಗಿ ಬಂದವನು ಅಶ್ರಫ್.

ಬಾವುಟ ಬಿತ್ತು. ಲತೇಶ ಮೊದಲ ತಿರುವಿನಲ್ಲೇ ಮುಂದೆ ಹೋದ. ಜಿತೇಶ ಹಗ್ಗದ ಹೊರಗೆ ನಿಝಾರನ ಪಕ್ಕ ನಿಂತು ಕೂಗುತ್ತಿದ್ದ. ಕಾರು ದಿಬ್ಬ ಏರತೊಡಗಿತು, ಲತೇಶ ಪೆಡಲ್ ಪೂರ್ತಿ ಒತ್ತಿದ. ಆಗ ಎಂಜಿನ್ ಕೆಮ್ಮಿತು. ಪಟ್, ಪಟ್, ಪಟ್ ಎಂದು ಗುಂಡು ಹೊಡೆದ ಹಾಗೆ ಸದ್ದು ಮಾಡುತ್ತಾ ಬಲವೆಲ್ಲ ಇಳಿದುಹೋಯಿತು. ಹಾರಬೇಕಿದ್ದ ಕಾರು ದಿಬ್ಬದ ನೆತ್ತಿಯಲ್ಲಿ ಎಡವಿತು. ಮೂತಿ ಕೆಳಗಾಗಿ ನೆಲಕ್ಕೆ ನಾಟಿ, ಹಿಂಭಾಗ ಎದ್ದು, ಉರುಳಿತು. ಮತ್ತೊಮ್ಮೆ ಉರುಳಿ ಕೋರೆಯ ಗೋಡೆಗೆ ಬಡಿಯಿತು. ತಗಡು ಮುರಿಯುವ ಸದ್ದಿನ ನಡುವೆ ಲತೇಶನ ಕೂಗು ಒಂದು ಸಲ ಕೇಳಿ ನಿಂತಿತು.

ಎಲ್ಲರಿಗಿಂತ ಮೊದಲು ಕಾರಿನ ಹತ್ತಿರ ಮುಟ್ಟಿದವನು ನಿಝಾರ್. ಬ್ಯಾಟರಿಯ ತಂತಿ ಕಿತ್ತ, ಕಿಟಕಿಯ ಉಳಿದ ಗಾಜನ್ನು ಮೊಣಕೈಯಿಂದ ಒಡೆದ, ಒಳಗೆ ನುಗ್ಗಿ ಲತೇಶನ ಬೆಲ್ಟ್ ಕತ್ತರಿಸಿದ. ಲತೇಶನ ತೊಡೆ ಮುರಿದು ಕಾಲು ಬೇರೆ ದಿಕ್ಕಿಗೆ ತಿರುಗಿತ್ತು, ಬಾಯಿಂದ ರಕ್ತ ಬರುತ್ತಿತ್ತು. ಅವನನ್ನು ಎತ್ತಿ ಆಂಬುಲೆನ್ಸಿಗೆ ಹಾಕಿದರು.

ಜಿತೇಶ ನಿಝಾರನ ಕಡೆಗೆ ತಿರುಗಿದ. ಕೈಯಲ್ಲಿ ವೀಲ್ ಸ್ಪಾನರ್ ಇತ್ತು, ಅದನ್ನು ಯಾವಾಗ ಎತ್ತಿಕೊಂಡನೋ ಅವನಿಗೇ ಗೊತ್ತಿರಲಿಲ್ಲ.

"ಮಸಿ ಹಿಡಿತದೆ ಹೇಳಿದ್ದೆ! ಎರಡು ಮೆಟ್ಟಿಲು ಬೇಡ ಹೇಳಿದ್ದೆ! ಬಾವನನ್ನು ಗೆಲ್ಲಿಸ್ಲಿಕ್ಕೆ ನನ್ನ ತಮ್ಮನನ್ನು ಕೊಂದ್ಯಲ್ಲ!"

ನಿಝಾರ್ ಬಲಗೈ ಅಡ್ಡ ಹಿಡಿದ. ಸ್ಪಾನರ್ ಮಣಿಕಟ್ಟಿಗೆ ಬಿತ್ತು, ಎಲುಬು ಮುರಿದ ಸದ್ದು ಹತ್ತಿರ ನಿಂತವರಿಗೆಲ್ಲ ಕೇಳಿತು.

"ಜಿತ್ತು, ಮೊದಲು ಪ್ಲಗ್..." ಎಂದ ನಿಝಾರ್.

ಎರಡನೆಯ ಪೆಟ್ಟು ಬಾಯಿಗೆ ಬಿತ್ತು. ಅವನು ಹಲ್ಲು, ರಕ್ತ ಉಗುಳುತ್ತಾ ಕೆಂಪು ಮಣ್ಣಿನ ಮೇಲೆ ಕುಸಿದ. ಜಿತೇಶ ಬಿದ್ದವನ ಪಕ್ಕೆಗೂ ಒದ್ದ. ಅಶ್ರಫ್ ತನ್ನ ಕಾರಿನಿಂದ ಹಾರಿ ಬಂದು ಜಿತೇಶನ ಮೇಲೆ ಬಿದ್ದ. ಕಲ್ಲಡ್ಕದವರು ಅಶ್ರಫನ ಮೇಲೆ ಬಿದ್ದರು, ಕನ್ಯಾನದವರು ಅವರ ಮೇಲೆ. ಹಗ್ಗ ಕಟ್ಟಿದ್ದ ಗೂಟಗಳನ್ನು ಕಿತ್ತು ಬಡಿದಾಡಿದರು. ಯಾರು ಯಾರಿಗೆ ಹೊಡೆದರು ಎಂಬುದಕ್ಕೆ ಲೆಕ್ಕವಿರಲಿಲ್ಲ, ಪೊಲೀಸರು ಬಂದು ಲಾಠಿ ಬೀಸಿದ ಮೇಲೆಯೇ ಜನ ಚದುರಿದ್ದು.

ಲತೇಶ ಬದುಕಿದ. ತೊಡೆಗೆ ರಾಡ್ ಹಾಕಿ ಮಂಗಳೂರಿನ ಆಸ್ಪತ್ರೆಯಲ್ಲಿ ಮಲಗಿಸಿದರು. ನಿಝಾರನ ಕೈಗೆ ಪ್ಲಾಸ್ಟರ್, ತುಟಿಗೆ ಹೊಲಿಗೆ. ಪೊಲೀಸರು ಕೇಳಿದಾಗ ಅವನು ದೂರು ಕೊಡಲಿಲ್ಲವಂತೆ. ಎಂಜಿನ್ ಬಿಚ್ಚಲಿ, ಆಮೇಲೆ ನೋಡುವ ಎಂದನಂತೆ. ಈ ಸುದ್ದಿ ಕೇಳಿ ಜಿತೇಶನ ಸಿಟ್ಟು ಇನ್ನೂ ಏರಿತು. ತಪ್ಪು ಮಾಡದವನಾಗಿದ್ದರೆ ಸುಮ್ಮನೆ ಇರುತ್ತಿದ್ದನೇ?

ಆ ವಾರದೊಳಗೆ ಒಂದು ಮಧ್ಯಾಹ್ನ ಧರ್ಣಪ್ಪ ಜೀಪು ತುಂಬ ಹುಡುಗರನ್ನು ಹಾಕಿಕೊಂಡು ಗ್ಯಾರೇಜಿಗೆ ಬಂದ. ಊರಿನಲ್ಲಿ ಎಲ್ಲಿ ಜಗಳವಾದರೂ ಅದನ್ನು ಆರದಂತೆ ನೋಡಿಕೊಳ್ಳುವುದೇ ಧರ್ಣಪ್ಪನ ಕಸುಬು. ಜೀಪಿನಲ್ಲಿ ಕಬ್ಬಿಣದ ರಾಡುಗಳಿದ್ದವು, ಪೆಟ್ರೋಲಿನ ಕ್ಯಾನು ಇತ್ತು.

"ಇವತ್ತು ಆ ನಿಝಾರನ ಅಂಗಡಿ ಇರುದಿಲ್ಲ," ಎಂದ ಧರ್ಣಪ್ಪ. "ಪೇಟೆಯವರಿಗೆ ತೋರಿಸ್ಲಿಕ್ಕೆ ಏನಾದ್ರೂ ಬೇಕು. ಅವನು ಕೊಟ್ಟ ಪ್ಲಗ್ ಬಿಚ್ಚಿ ಕೊಡು ಜಿತೇಶ."

"ಈಗ ಬಿಚ್ತೇನೆ ಅಣ್ಣ," ಎಂದು ಜಿತೇಶ ಒಳಗೆ ಹೋದ.

ನಜ್ಜುಗುಜ್ಜಾದ ಕಾರು ಮೂಲೆಯಲ್ಲಿ ನಿಂತಿತ್ತು. ಬಾನೆಟ್ಟನ್ನು ರಾಡ್ ಹಾಕಿ ಎಬ್ಬಿಸಿ, ಮೊದಲ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದ. ಮಸಿ ಇರಲಿಲ್ಲ. ಮೂತಿ ಬಿಸ್ಕತ್ತಿನ ಬಣ್ಣಕ್ಕಿತ್ತು. ಎರಡನೆಯದೂ ಹಾಗೆಯೇ, ಮೂರನೆಯದೂ, ನಾಲ್ಕನೆಯದೂ. ಹನ್ನೆರಡು ವರ್ಷದ ಕೆಲಸದಲ್ಲಿ ಅಷ್ಟು ಸರಿಯಾಗಿ ಉರಿದ ಪ್ಲಗ್ಗನ್ನು ಅವನು ಕಂಡೇ ಇರಲಿಲ್ಲ. ಹಾಗಾದರೆ ಎಂಜಿನ್ ಕೆಮ್ಮಿದ್ದೇಕೆ?

ಪ್ಲಗ್ ತಿರುಗಿಸಿದ. ಪಿಂಗಾಣಿಯ ಮೇಲೆ ಅವನು ಎಳೆದ ಗಂಧದ ನಾಮ ಇನ್ನೂ ಇತ್ತು. ಅದರ ಉದ್ದಕ್ಕೂ, ಕುಂಕುಮದ ಬೊಟ್ಟನ್ನು ಸೀಳಿಕೊಂಡು, ತುದಿಯಿಂದ ಬುಡದ ಕಬ್ಬಿಣದವರೆಗೆ ಒಂದು ಸುಟ್ಟ ಕರಿ ಗೆರೆ. ನಾಲ್ಕರಲ್ಲೂ ಅದೇ ಗೆರೆ. ದಿಬ್ಬ ಏರುವಾಗ ಒಳಗೆ ಒತ್ತಡ ಏರಿದೆ, ಕಿಡಿಗೆ ಒಳಗೆ ಹಾರಲು ಕಷ್ಟವಾಗಿದೆ, ಟೊಪ್ಪಿಯ ಒಳಗೆ ಹಸಿ ಆರದೆ ಉಳಿದ ಗಂಧದ ದಾರಿ ಹಿಡಿದು ಕರೆಂಟು ಹೊರಗಿಂದಲೇ ಇಳಿದುಹೋಗಿದೆ. ನಿಝಾರ್ ಹೇಳಿದ್ದು ಹೇಳಿದ ಹಾಗೆಯೇ ನಡೆದಿತ್ತು. ಜಿತೇಶ ಪ್ಲಗ್ ಹಿಡಿದುಕೊಂಡೇ ಟೈರಿನ ಮೇಲೆ ಕುಳಿತುಬಿಟ್ಟ.

ನೀಲಾವತಿ ಹಿಂದಿನಿಂದ ಬಂದು ಇಣುಕಿ ನೋಡಿದರು. "ಗಂಧ ಇನ್ನೂ ಉಂಟು ನೋಡು ಮಗ. ಅದೇ ನಮ್ಮ ಲತೇಶನ ಜೀವ ಉಳಿಸಿದ್ದು."

ಪಕ್ಕದಲ್ಲೇ ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆ ಬಿದ್ದಿತ್ತು. ಒಂದು ಸಲ ಒರೆಸಿದರೆ ಮುಗಿಯಿತು, ಗಂಧವೂ ಇಲ್ಲ, ಗೆರೆಯೂ ಇಲ್ಲ. ಬಟ್ಟೆ ಎತ್ತಿಕೊಂಡ. ಒಂದು ಪ್ಲಗ್ಗನ್ನು ಒರೆಸಿಯೂ ಒರೆಸಿದ. ಅದು ಬೆಳ್ಳಗೆ ಹೊಳೆಯಿತು. ಅದನ್ನು ನೋಡುತ್ತಿದ್ದಂತೆ ಮಣ್ಣಿನಲ್ಲಿ ಬಿದ್ದು "ಮೊದಲು ಪ್ಲಗ್" ಎಂದ ಬಾಯಿ ಕಣ್ಣೆದುರು ಬಂತು. ಬಟ್ಟೆಯನ್ನು ಎಸೆದು, ಉಳಿದ ಮೂರನ್ನು ಹಿಡಿದುಕೊಂಡು ಹೊರಗೆ ಬಂದ.

"ಧರ್ಣಪ್ಪಣ್ಣ, ಪ್ಲಗ್ಗಿನಲ್ಲಿ ದೋಷ ಇಲ್ಲ. ತಪ್ಪು ನನ್ನದು. ಪೂಜೆಯ ದಿನ ನಾನು ಗಂಧ ಹಚ್ಚಿದ್ದೇನೆ, ಒರೆಸದೆ ಹಾಕಿದ್ದೇನೆ. ಕರೆಂಟು ಗಂಧದ ಮೇಲಿಂದ ಹೋಗಿದೆ. ಇಲ್ಲಿ ನೋಡಿ ಗೆರೆ."

ಧರ್ಣಪ್ಪ ಗೆರೆ ನೋಡಲಿಲ್ಲ. ಜಿತೇಶನ ಮುಖ ನೋಡಿದ, ಆಮೇಲೆ ಕೆನ್ನೆಗೆ ಬಾರಿಸಿದ.

"ದೇವರ ಗಂಧದಿಂದ ಗಾಡಿ ಬಿತ್ತು ಹೇಳ್ತೀಯಾ? ಯಾರು ಹೇಳಿಕೊಟ್ಟದ್ದು ನಿಂಗೆ? ಎಷ್ಟು ಕೊಟ್ಟ ಅವನು?"

ಹಿಂದಿನಿಂದ ಯಾರೋ ಒದ್ದರು. ಜಿತೇಶ ಮುಗ್ಗರಿಸಿ ಬಿದ್ದ. ಒಬ್ಬ ಬೆನ್ನಿಗೆ, ಇನ್ನೊಬ್ಬ ಭುಜಕ್ಕೆ ಹೊಡೆದ. ನೀಲಾವತಿ ಕಿರುಚುತ್ತಾ ಮಗನ ಮೇಲೆ ಅಡ್ಡ ಬಿದ್ದರು. "ಇವನದ್ದು ಆಮೇಲೆ ನೋಡುವ, ಜೀಪು ಹತ್ತಿ," ಎಂದು ಧರ್ಣಪ್ಪ ಕೂಗಿದ. ಜೀಪು ಬಂಟ್ವಾಳದ ಕಡೆಗೆ ತಿರುಗಿತು.

ಜಿತೇಶ ಎದ್ದು ಬೈಕಿನ ಕಿಕ್ಕರ್ ಒದ್ದು ಹೊರಟ. ಜೀಪು ಹೊಸ ಸೇತುವೆಯ ಕಡೆಗೆ ಹೋಗಿ ಮೆಲ್ಕಾರ್ ಜಂಕ್ಷನ್ನಿನ ಲಾರಿಗಳ ನಡುವೆ ಸಿಕ್ಕಿಕೊಂಡಿತು. ಇವನು ಪಾಣೆಮಂಗಳೂರಿಗೆ ನುಗ್ಗಿ ನೇತ್ರಾವತಿಯ ಹಳೆ ಸೇತುವೆ ದಾಟಿದ. ಮುಷ್ಟಿಯಲ್ಲಿ ಪ್ಲಗ್ಗುಗಳು, ಹ್ಯಾಂಡಲ್ ಹಿಡಿದಾಗಲೆಲ್ಲ ಅಂಗೈಗೆ ಚುಚ್ಚುತ್ತಿದ್ದವು.

ನಿಝಾರನ ಅಂಗಡಿ ಅರ್ಧ ತೆರೆದಿತ್ತು. ಪ್ಲಾಸ್ಟರ್ ಹಾಕಿದ ಕೈಯನ್ನು ಕುತ್ತಿಗೆಗೆ ನೇತುಹಾಕಿಕೊಂಡು ಅವನು ಕೌಂಟರಿನ ಹಿಂದೆ ಕುಳಿತಿದ್ದ. ಅಂಗಿಗೆ ರಕ್ತ ಮೆತ್ತಿಕೊಂಡು ಓಡಿ ಬಂದ ಜಿತೇಶನನ್ನು ಮೊದಲು ಕಂಡವಳು ಸೌದಾ. ಅವಳು ಏನನ್ನೂ ಕೇಳಲಿಲ್ಲ. ಷಟರಿನ ಕಬ್ಬಿಣದ ಕೋಲನ್ನೆತ್ತಿ ಅವನ ಹಣೆಗೆ ಬೀಸಿದಳು.

"ಉಳಿದ ಕೈಯನ್ನೂ ಮುರಿಲಿಕ್ಕೆ ಬಂದದ್ದಾ?"

ಜಿತೇಶ ಮೊಣಕಾಲೂರಿದ. ರಕ್ತ ಕಣ್ಣಿಗಿಳಿಯಿತು. ಅವಳು ಮತ್ತೆ ಕೋಲು ಎತ್ತಿದಳು, ಅವನು ತಪ್ಪಿಸಿಕೊಳ್ಳಲಿಲ್ಲ. ಮುಷ್ಟಿ ಬಿಚ್ಚಿ ಮೇಲೆ ಚಾಚಿದ.

"ಬಿಚ್ಚಿದೆ ನಿಝಾರ್. ಈಗ ಬಿಚ್ಚಿದೆ. ನೋಡು."

ನಿಝಾರ್ ಎಡಗೈಯಿಂದ ಒಂದು ಪ್ಲಗ್ ತೆಗೆದುಕೊಂಡ. ಮೊದಲು ಮೂತಿಯನ್ನು ನೋಡಿದ. ಬೆಳಕಿನ ಕಡೆಗೆ ತಿರುಗಿಸಿ ಬಹಳ ಹೊತ್ತು ನೋಡಿದ. "ನಾನು ಆರಿಸಿದ್ದು ಸರಿ ಇತ್ತು," ಎಂದ. ಹೊಲಿಗೆ ಹಾಕಿದ ತುಟಿಯಿಂದ ಮಾತು ತೊದಲುತ್ತಿತ್ತು. ಆಮೇಲೆ ಪಿಂಗಾಣಿ ನೋಡಿದ. ನಾಮ, ಕುಂಕುಮ, ಕರಿ ಗೆರೆ. ಅವನ ಕಣ್ಣಲ್ಲಿ ನೀರು ಬಂತು.

"ಪ್ಲಗ್ಗಿಗೆ ಯಾರಾದ್ರೂ ಗಂಧ ಹಚ್ತಾರಾ ಮಾರಾಯ?" ಎಂದ. "ನನ್ನ ಕೈ ಮುರಿಯುವ ಮೊದಲು ಇದನ್ನು ಬಿಚ್ಲಿಕ್ಕೆ ಆಗ್ಲಿಲ್ವಾ ನಿಂಗೆ?"

ಜಿತೇಶ ಅತ್ತುಬಿಟ್ಟ. ಕ್ಷಮಿಸು ಎನ್ನುವುದಕ್ಕೂ ನಾಚಿಕೆಯಾಯಿತು. ಅಷ್ಟರಲ್ಲಿ ಸರ್ಕಲಿನ ಕಡೆಯಿಂದ ಜೀಪಿನ ಹಾರನ್ನು, ಹುಡುಗರ ಕೂಗು ಕೇಳಿತು.

"ಧರ್ಣಪ್ಪ ಬರ್ತಾ ಇದ್ದಾನೆ. ಪೆಟ್ರೋಲ್ ಉಂಟು. ಸೌದಕ್ಕ, ಹಿಂದಿನ ಬಾಗಿಲಿನಿಂದ ಇವನನ್ನು ಕರ್ಕೊಂಡು ಹೋಗಿ," ಎಂದು ಹೇಳಿ ಜಿತೇಶ ಹೊರಗೆ ಹಾರಿದ. ಎರಡೂ ಕೈಗಳಿಂದ ಷಟರನ್ನು ಕೆಳಗೆಳೆದು, ಅದರ ಕೆಳಪಟ್ಟಿಯ ಮೇಲೆ ಕಾಲಿಟ್ಟು ರಸ್ತೆಗೆ ಮುಖ ಮಾಡಿ ನಿಂತ.

ಜೀಪು ನಿಂತಿತು. ಹುಡುಗರು ಇಳಿದರು. ಪಕ್ಕದ ಅಂಗಡಿಗಳ ಷಟರುಗಳು ಒಂದರ ಹಿಂದೆ ಒಂದು ಬಿದ್ದವು.

"ಪಕ್ಕಕ್ಕೆ ನಿಲ್ಲು," ಎಂದ ಧರ್ಣಪ್ಪ.

"ನಿಲ್ಲುದಿಲ್ಲ ಅಣ್ಣ."

ಮೊದಲ ರಾಡ್ ಭುಜಕ್ಕೆ ಬಿತ್ತು. ಅವನ ಬಲಗೈ ಅಭ್ಯಾಸದಂತೆ ಮೇಲೆದ್ದಿತು. ಅದನ್ನು ತಾನೇ ಕೆಳಗೆ ತಂದು ಬೆನ್ನ ಹಿಂದಿದ್ದ ಷಟರಿನ ಕೊಂಡಿಯನ್ನು ಬಿಗಿಯಾಗಿ ಹಿಡಿದ. ಎರಡನೆಯದು ಪಕ್ಕೆಗೆ ಬಿತ್ತು, ಒಳಗೆ ಏನೋ ಮುರಿಯಿತು.

ಹಿಂದಿನ ಬಾಗಿಲಿನಿಂದ ಹೋಗಬೇಕಾಗಿದ್ದವನು ಹೋಗಿರಲಿಲ್ಲ. ಷಟರು ಒಳಗಿನಿಂದ ದಡಬಡ ಎಂದಿತು.

"ಜಿತ್ತು, ಕಾಲು ತೆಗಿ! ಒಳಗೆ ಬಾ!" ನಿಝಾರ್ ಒಳಗಿನಿಂದ ಎತ್ತುತ್ತಿದ್ದ. ಷಟರು ನಾಲ್ಕು ಬೆರಳಿನಷ್ಟು ಮೇಲೆದ್ದಿತು. ಆ ಸಂದಿಯಿಂದ ಅವನ ಎಡಗೈಯ ಬೆರಳುಗಳು ಹೊರಗೆ ಬಂದು ಪಟ್ಟಿಯನ್ನು ಹಿಡಿದವು, ಜಿತೇಶನ ಪಾದದ ಪಕ್ಕದಲ್ಲೇ.

ಜಿತೇಶ ಕೆಳಗೆ ನೋಡಿದ. ತಾನು ಭಾರ ಹಾಕಿದರೆ ಆ ಬೆರಳುಗಳು ಹೋಗುತ್ತವೆ. ಭಾರ ತೆಗೆದರೆ ಧರ್ಣಪ್ಪ ಒಳಗೆ ಹೋಗುತ್ತಾನೆ.

"ಕೈ ಒಳಗೆ ತೆಗಿ ನಿಝಾರ್!" ಎಂದು ಬೇಡಿಕೊಂಡ. ಇನ್ನೊಂದು ಪೆಟ್ಟು ಕಿವಿಯ ಹತ್ತಿರ ಬಿತ್ತು. "ದಮ್ಮಯ್ಯ ಮಾರಾಯ, ಆ ಕೈಯಾದ್ರೂ ಉಳೀಲಿ. ತೆಗಿ!"

ಬೆರಳುಗಳು ಒಂದು ಕ್ಷಣ ಹಾಗೆಯೇ ಇದ್ದು, ನಿಧಾನವಾಗಿ ಒಳಗೆ ಸರಿದವು. ಜಿತೇಶ ಎರಡೂ ಕಾಲನ್ನು ಪಟ್ಟಿಯ ಮೇಲೆ ಊರಿ ಷಟರನ್ನು ನೆಲಕ್ಕೆ ಮುಟ್ಟಿಸಿದ.